ಅಡವಿಯಲ್ಲಿ, ಹೊಲದಲ್ಲಿ ಕುಡಿಯುವ ನೀರು ಸೋಸುವ ಬಗೆ



ಕಬ್ಬಿಗೆ ನೀರು ಎಷ್ಟು ಬಿಡಬೇಕು, ಯಾವಾಗ ಬಿಡಬೇಕು ಎಂಬುದನ್ನು ಈ ಪುಟಗಳಲ್ಲಿ ಪ್ರತಿ ಹಂಗಾಮಿನಲ್ಲೂ ಬರೆಯುತ್ತ ಬಂದಿದ್ದೇವೆ. ಆ ಕಬ್ಬನ್ನು ಬೆಳೆಯುವವನು, ಕಡಿಯುವವನು ಯಾವ ನೀರು ಕುಡಿಯುತ್ತಾನೆ ಎಂಬುದನ್ನು ಬರೆದದ್ದು ಮಾತ್ರ ಕಡಿಮೆ. ಹಂಗಾಮು ಮುಗಿಯುತ್ತ ಬಂದಂತೆ ಬಿಸಿಲು ಏರುತ್ತದೆ, ಹಳ್ಳಗಳು ಬತ್ತುತ್ತವೆ, ಬಾವಿಯ ನೀರು ತಳ ಸೇರುತ್ತದೆ. ಆಗ ಈ ಪ್ರಶ್ನೆ ಎರಡು ಕಡೆಯಿಂದ ನಮ್ಮ ಮುಂದೆ ಬರುತ್ತದೆ.

ಒಂದು ಕಡೆ ಕಬ್ಬು ಕಡಿಯುವ ಟೋಳಿಗಳು. ಬೀಡ, ಧಾರಾಶಿವ ಕಡೆಯಿಂದಲೂ ನಮ್ಮ ಕಡೆಯ ಗಡಿ ಹಳ್ಳಿಗಳಿಂದಲೂ ಬಂದ ಈ ಜನ ಹೆಂಡಿರು ಮಕ್ಕಳ ಸಹಿತ ನಿಮ್ಮ ಹೊಲದ ಬದುವಿನಲ್ಲಿ ಕೋಪಿ ಹಾಕಿಕೊಂಡು ಇರುತ್ತಾರೆ. ಕಾಲುವೆ ಹರಿದರೆ ಕಾಲುವೆಯ ನೀರು, ಇಲ್ಲದಿದ್ದರೆ ಹಳ್ಳದ ಮಡುವಿನ ನೀರು ಅವರ ಕೊಡಕ್ಕೆ ಬರುತ್ತದೆ. ಇನ್ನೊಂದು ಕಡೆ ನಾವೇ. ಯುಗಾದಿಗೆ ಶ್ರೀಶೈಲ ಮಲ್ಲಯ್ಯನ ದರ್ಶನಕ್ಕೆಂದು ಸೋಲಾಪುರ, ಅಕ್ಕಲಕೋಟ ಭಾಗದಿಂದ, ವಿಜಯಪುರ, ಕಲಬುರಗಿ ಕಡೆಯಿಂದ ಕಾಲ್ನಡಿಗೆಯಲ್ಲಿ ಹೊರಡುವವರಲ್ಲಿ ನಮ್ಮ ಸದಸ್ಯರ ಮನೆಯವರೂ ಇದ್ದಾರೆ. ಆತ್ಮಕೂರು ದಾಟಿ ವೆಂಕಟಾಪುರ ಬಿಟ್ಟರೆ ನಲ್ಲಮಲೆ ಅಡವಿ. ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಳನು ಹಾಯ್ದು ಕೈಲಾಸ ದ್ವಾರ ಏರುವ ತನಕ ಊರೆಂಬುದು ಇಲ್ಲ. ಯಾತ್ರೆಯ ದಿನಗಳಲ್ಲಿ ದಾರಿಯಲ್ಲಿ ನೀರು ಕೊಡುವ ಪುಣ್ಯವಂತರು ಇರುತ್ತಾರೆ, ನಿಜ. ಆದರೆ ಚೈತ್ರದ ಬಿಸಿಲಲ್ಲಿ ಗುಡ್ಡ ಹತ್ತುವ ಮನುಷ್ಯನಿಗೆ ಮುಂದಿನ ನೀರಿನ ಠಿಕಾಣಿ ಬರುವ ತನಕ ಬಾಯಾರಿಕೆ ತಡೆಯುವುದಿಲ್ಲ. ಆತ ಕಂಡ ಹೊಂಡಕ್ಕೆ ಇಳಿಯುತ್ತಾನೆ.

ಇಂಥ ಕಡೆ ಏನು ಮಾಡಬೇಕು ಎಂದು ಕೇಳಿದರೆ ಶಾಲೆ ಕಲಿತ ಹುಡುಗನೂ ಹೇಳುತ್ತಾನೆ: ಒಂದು ಡಬ್ಬಿಗೆ ತೂತು ಹೊಡೆದು ಹರಳು, ಉಸುಕು, ಇದ್ದಲಿ ತುಂಬಿ ಸೋಸಿದರಾಯಿತು, ಶುದ್ಧ ನೀರು ತಯಾರು. ಈ ಉತ್ತರದಲ್ಲಿ ಅರ್ಧ ಮಾತ್ರ ನಿಜವಿದೆ. ಉಳಿದ ಅರ್ಧ ತಿಳಿಯದೆ ಹೋದರೆ ಮನೆಮಂದಿಯೆಲ್ಲ ಹಾಸಿಗೆ ಹಿಡಿಯಬಹುದು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಹಿರಿಯರ ಫಿಲ್ಟರ್: ಒರತೆ

ಉಸುಕಿನಲ್ಲಿ ನೀರು ಸೋಸುವ ವಿದ್ಯೆ ನಮ್ಮ ಭಾಗಕ್ಕೆ ಹೊಸದಲ್ಲ. ಬೋರಿ, ಹರಣಾ, ಸೀನಾ, ಭೀಮಾ ಈ ಎಲ್ಲ ನದಿಗಳ ಪಾತ್ರದಲ್ಲೂ ಬೇಸಿಗೆಯಲ್ಲಿ ಒರತೆ ತೋಡಿ ನೀರು ತುಂಬುತ್ತಿದ್ದುದು ಅರವತ್ತು ದಾಟಿದವರಿಗೆಲ್ಲ ನೆನಪಿದೆ. 1972ರ ಬರದಲ್ಲಿ ಎಷ್ಟೋ ಹಳ್ಳಿಗಳು ಒರತೆಯ ನೀರಿನ ಮೇಲೆಯೇ ದಿನ ತಳ್ಳಿದವು. ಪಕ್ಕದಲ್ಲೇ ಮಡುವಿನ ನೀರಿದ್ದರೂ ಅದನ್ನು ದನಗಳಿಗೆ ಬಿಟ್ಟು, ನಾಲ್ಕು ಮಾರು ಆಚೆ ಉಸುಕು ತೋಡುತ್ತಿದ್ದ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಪುಸ್ತಕದಿಂದ ಕಲಿಸಿರಲಿಲ್ಲ. ಮಡುವಿನಿಂದ ಒರತೆಗೆ ನೀರು ಬರುವಷ್ಟರಲ್ಲಿ ಹಲವು ಮಾರು ಉಸುಕಿನೊಳಗೆ ನಿಧಾನವಾಗಿ ಜಿನುಗಿ ಬರುತ್ತದೆ. ಡಬ್ಬಿಯಲ್ಲಿ ಒಂದು ಗೇಣು ಉಸುಕು ತುಂಬಿ ಮೇಲಿಂದ ನೀರು ಸುರಿಯುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಇಂದಿಗೂ ಉಸುಕಿನ ಪಾತ್ರ ಸಿಕ್ಕಲ್ಲಿ ಡಬ್ಬಿಯ ಫಿಲ್ಟರಿಗಿಂತ ಒರತೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ತೋಡುವ ಜಾಗ ಮಡುವಿನ ಅಂಚಿನಿಂದ ದೂರವಿದ್ದಷ್ಟೂ ಒಳ್ಳೆಯದು. ಹತ್ತಡಿಗಿಂತ ಹತ್ತಿರ ಬೇಡ. ದನ ಇಳಿಯುವ ದಾರಿ, ಅರಿವೆ ಒಗೆಯುವ ಬಂಡೆ, ಸ್ಮಶಾನ, ಬಹಿರ್ದೆಸೆಗೆ ಹೋಗುವ ಜಾಗ ಇವುಗಳಿಗಿಂತ ಮೇಲುಗಡೆ ಇರಬೇಕು. ಮೊದಲು ಕೂಡಿದ ನೀರನ್ನು ಎರಡು ಮೂರು ಸಲ ತೋಡಿ ಚೆಲ್ಲಿ, ಆಮೇಲೆ ಊರಿದ ನೀರನ್ನು ಚಂಬಿನಿಂದ ಮೆಲ್ಲಗೆ ತುಂಬಿಕೊಳ್ಳಬೇಕು. ರಾತ್ರಿ ಮುಳ್ಳು ಮುಚ್ಚಿ ಬಂದರೆ ನಾಯಿ ನರಿ ಬಾಯಿ ಹಾಕುವುದಿಲ್ಲ.

ಆದರೆ ಒರತೆಗೆ ಉಸುಕು ಬೇಕಲ್ಲ! ಹತ್ತರಸಂಗ ಕೂಡಲದಲ್ಲಿ ಸೀನಾ ಭೀಮೆಯನ್ನು ಕೂಡುತ್ತಾಳೆ. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ನದಿಯ ದಂಡೆಗುಂಟ ನಡೆದು ನೋಡಿದವರಿಗೆ ಉಸುಕು ಲಾರಿ ಹತ್ತಿ ಎಲ್ಲಿಗೆ ಹೋಯಿತೆಂಬುದನ್ನು ನಾನು ಹೇಳಬೇಕಾಗಿಲ್ಲ. ಉಸುಕು ಹೋದ ಕಡೆ ಕೆಸರು ಉಳಿದಿದೆ. ಕೆಸರಿನಲ್ಲಿ ಒರತೆ ಆಗುವುದಿಲ್ಲ. ಹೀಗಾಗಿ ಡಬ್ಬಿ, ಗಡಗಿಗಳ ಮಾತಿಗೆ ಬರಲೇಬೇಕು.

ಎರಿ ಮಣ್ಣಿನ ಕದಡು ಏನು ಹೇಳುತ್ತದೆ

ಮಳೆಗಾಲದ ಹಳ್ಳದ ನೀರನ್ನು ಒಂದು ಗಾಜಿನ ಬಾಟಲಿಯಲ್ಲಿ ತುಂಬಿ ಇಡಿ. ಉಸುಕು ಎಣಿಸುವಷ್ಟರಲ್ಲಿ ತಳ ಸೇರುತ್ತದೆ. ಕೆಂಪು ಮಣ್ಣಿನ ಕದಡೂ ಬಹುಮಟ್ಟಿಗೆ ಇಳಿಯುತ್ತದೆ. ಆದರೆ ನಮ್ಮ ಎರಿ ಹೊಲದಿಂದ ಹರಿದು ಬಂದ ನೀರು ಮರುದಿನವೂ ಚಹಾದ ಬಣ್ಣದಲ್ಲೇ ನಿಂತಿರುತ್ತದೆ. ಜೇಡಿ ಕಣ ಅಷ್ಟು ಸಣ್ಣದು: ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಬರುವ ಒಂದು ಮೈಕ್ರಾನಿನ ಲೆಕ್ಕದಲ್ಲಿ ಎರಡು ಮೈಕ್ರಾನಿಗೂ ಕಡಿಮೆ. ಆ ಕಣಗಳೆಲ್ಲ ಒಂದೇ ಬಗೆಯ ವಿದ್ಯುತ್ ಅಂಶ ಹೊತ್ತಿರುವುದರಿಂದ ಒಂದನ್ನೊಂದು ದೂಡುತ್ತ ತೇಲಾಡುತ್ತವೆ, ಒಂದಕ್ಕೊಂದು ಅಂಟಿ ಗಟ್ಟಿಯಾಗಿ ತಳಕ್ಕೆ ಬೀಳುವುದಿಲ್ಲ.

ಈಗ ಲೆಕ್ಕ ಮಾಡಿ. ಅರ್ಧ ಮಿಲಿಮೀಟರ್ ದಪ್ಪದ ಉಸುಕಿನ ಕಾಳುಗಳ ನಡುವಿನ ಸಂದು ಸುಮಾರು ಎಂಬತ್ತು ಮೈಕ್ರಾನ್. ವಾಂತಿಭೇದಿ, ವಿಷಮಜ್ವರದ ರೋಗಾಣುಗಳು ಒಂದೆರಡು ಮೈಕ್ರಾನ್, ಅಂದರೆ ಜೇಡಿ ಕಣದಷ್ಟೇ. ಕಾಮಣಿ ತರುವ ವಿಷಾಣುವಂತೂ ಅದಕ್ಕಿಂತ ಹತ್ತಾರು ಪಟ್ಟು ಸಣ್ಣದು. ಎಮ್ಮೆ ಹಾಯುವ ಬಾಗಿಲಲ್ಲಿ ಇರುವೆಯನ್ನು ತಡೆದ ಹಾಗೆ! ಆದ್ದರಿಂದ ಡಬ್ಬಿಯ ಉಸುಕಿನಿಂದ ಇಳಿದ ನೀರು ಇನ್ನೂ ಮಸುಕಾಗಿದ್ದರೆ, ಜೇಡಿ ಹಾದು ಬಂದ ದಾರಿಯಲ್ಲೇ ರೋಗಾಣುವೂ ಬಂದಿದೆಯೆಂದು ತಿಳಿಯಿರಿ. ಇಳಿದ ನೀರು ತಿಳಿಯಾಗಿದ್ದರೆ ಬಂದಿಲ್ಲವೆಂದು ಮಾತ್ರ ತಿಳಿಯಬೇಡಿ. ಇಲ್ಲಿಯೇ ಜನ ಮೋಸ ಹೋಗುವುದು. ಕದಡಿದ ನೀರನ್ನು ಕಂಡು ಹಿಂಜರಿಯುವ ಮನುಷ್ಯ ತಿಳಿ ನೀರನ್ನು ಕಂಡ ಕೂಡಲೇ ಮಗುವಿಗೂ ಕುಡಿಸುತ್ತಾನೆ.

ಹನಿ ನೀರಾವರಿ ಹಾಕಿಸಿದ ಸದಸ್ಯರಿಗೆ ಈ ಮಾತು ಬೇಗ ತಿಳಿಯುತ್ತದೆ. ನಿಮ್ಮ ಪಂಪಿನ ಪಕ್ಕದಲ್ಲಿ ಉಸುಕು ತುಂಬಿದ ದೊಡ್ಡ ಫಿಲ್ಟರ್ ಇದೆ. ಅದು ಕಸ, ಪಾಚಿ ತಡೆದು ಡ್ರಿಪ್ಪರಿನ ಕಣ್ಣು ಕಟ್ಟದಂತೆ ಕಾಯುತ್ತದೆ. ಅದರಿಂದ ಹೊರಬಂದ ನೀರನ್ನು ಯಾರೂ ಕುಡಿಯುವ ನೀರೆಂದು ಕರೆಯುವುದಿಲ್ಲ. ಗಡಗಿಯ ಉಸುಕು ಮಾಡುವುದೂ ಅದೇ ಕೆಲಸ.

ಹಾಗಾದರೆ ಪಟ್ಟಣಗಳಿಗೆ ಉಸುಕಿನಲ್ಲಿ ಸೋಸಿದ ನೀರು ಕೊಡುತ್ತಾರಲ್ಲ ಎಂದು ಕೇಳಬಹುದು. ಅದರ ಕಥೆಯೇ ಬೇರೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ ಕಾಲರಾ ಬಂದು ಎಂಟೂವರೆ ಸಾವಿರ ಜನ ಸತ್ತರು. ಗಡಿಗೆ ಗಡಿ ಹೊಂದಿಕೊಂಡ ಆಲ್ಟೋನಾ ಎಂಬ ಪಟ್ಟಣ ಅದೇ ಎಲ್ಬೆ ನದಿಯ ನೀರು, ಅದೂ ಹ್ಯಾಂಬರ್ಗಿನ ಹೊಲಸು ಸೇರಿದ ಕೆಳಭಾಗದ ನೀರು ಕುಡಿದರೂ ಬಹುಮಟ್ಟಿಗೆ ಪಾರಾಯಿತು. ಹ್ಯಾಂಬರ್ಗಿನವರು ನದಿಯ ನೀರನ್ನು ಸೋಸದೆ ಬಿಡುತ್ತಿದ್ದರು. ಆಲ್ಟೋನಾದವರು ದೊಡ್ಡ ಉಸುಕಿನ ಮಡಿಗಳಲ್ಲಿ ಸೋಸುತ್ತಿದ್ದರು. ಕಾಲರಾದ ರೋಗಾಣುವನ್ನು ಗುರುತಿಸಿದ ಡಾ. ರಾಬರ್ಟ್ ಕಾಖ್ ಅವರು ಇದನ್ನು ಜಗತ್ತಿಗೆ ತೋರಿಸಿಕೊಟ್ಟರು. ಆದರೆ ಅಂಥ ಮಡಿಯಲ್ಲಿ ಉಸುಕು ಎರಡು ಮೂರು ಅಡಿ ದಪ್ಪ ಇರುತ್ತದೆ. ನೀರು ತಾಸಿಗೆ ಒಂದು ಗೇಣು, ಹೆಚ್ಚೆಂದರೆ ಒಂದು ಮೊಳ ಇಳಿಯುತ್ತದೆ. ಹಲವು ದಿನ ನೀರು ಬಿಡದೆ ಹಾಯಿಸಿದ ಮೇಲೆ ಉಸುಕಿನ ಮೇಲ್ಭಾಗದಲ್ಲಿ ಲೋಳೆಯಂಥ ಜೀವಂತ ಪೊರೆ ಕಟ್ಟುತ್ತದೆ. ರೋಗಾಣುವನ್ನು ಹಿಡಿದು ತಿನ್ನುವುದು ಮುಖ್ಯವಾಗಿ ಆ ಪೊರೆ. ಮೊಸರಿಗೆ ಹೆಪ್ಪು ಹಾಕಿ ಕಾಯುವಂತೆ ಅದಕ್ಕೂ ಕಾಯಬೇಕು, ಒಣಗಲು ಬಿಡಬಾರದು. ಕೆನಡಾ ದೇಶದ ಡೇವಿಡ್ ಮಾಂಝ್ ಎಂಬ ಎಂಜಿನಿಯರು 1990ರ ದಶಕದಲ್ಲಿ ಇದೇ ತತ್ವದ ಮೇಲೆ ಮನೆಬಳಕೆಯ ಉಸುಕಿನ ಫಿಲ್ಟರ್ ರೂಪಿಸಿದರು; ಅದಕ್ಕೂ ಪಕ್ವವಾಗಲು ಕೆಲವು ವಾರ ಬೇಕು. ಅಡವಿಯ ದಾರಿಯಲ್ಲಿ ಇಂದು ಕಟ್ಟಿ ಇಂದೇ ಕುಡಿಯುವ ಡಬ್ಬಿಯಲ್ಲಿ ಆ ಪೊರೆ ಎಲ್ಲಿಂದ ಬರಬೇಕು?

ಮೊದಲು ತಂಗಿಸುವುದು

ನಮ್ಮ ಕಾರ್ಖಾನೆಯಲ್ಲಿ ಕಬ್ಬಿನ ರಸವನ್ನು ನೇರವಾಗಿ ಸೋಸುವುದಿಲ್ಲ. ಸುಣ್ಣ, ಗಂಧಕದ ಹೊಗೆ ಕೊಟ್ಟು, ಕಾಯಿಸಿ, ದೊಡ್ಡ ತೊಟ್ಟಿಯಲ್ಲಿ ತಂಗಲು ಬಿಡುತ್ತಾರೆ. ಮೇಲಿನ ತಿಳಿ ರಸ ಮುಂದೆ ಹೋಗುತ್ತದೆ. ತಳದ ಕೆಸರನ್ನು ಮಾತ್ರ ಫಿಲ್ಟರಿಗೆ ಹಾಕುತ್ತಾರೆ. ನೀವು ಹೊಲಕ್ಕೆ ಒಯ್ಯುವ ಮಳಿ ಎಂದರೆ ಅದೇ. ಗಾಣದಲ್ಲಿ ಬೆಲ್ಲ ಮಾಡುವವರು ಬೆಂಡಿ ಗಿಡದ ಲೋಳೆ ಹಾಕಿ ಕೊಪ್ಪರಿಗೆಯ ಮಡ್ಡಿ ತೆಗೆಯುವುದೂ ಅದೇ ಯುಕ್ತಿ. ನೀರಿಗೂ ಈ ಕ್ರಮವೇ ಸರಿ. ಕದಡಿದ ನೀರನ್ನು ನೇರ ಗಡಗಿಗೆ ಸುರಿದರೆ ಹತ್ತು ಕೊಡದಲ್ಲೇ ಉಸುಕು ಕಟ್ಟಿಕೊಳ್ಳುತ್ತದೆ.

ತಂಗಿಸಲು ತುರಟಿ ಎಲ್ಲಕ್ಕೂ ಸುಲಭ. ಕಿರಾಣಿ ಅಂಗಡಿಯಲ್ಲಿ, ಕ್ಷೌರಿಕನ ಪೆಟ್ಟಿಗೆಯಲ್ಲಿ ಸಿಗುವ ವಸ್ತು. ಇಪ್ಪತ್ತು ಲೀಟರ್ ಕೊಡಕ್ಕೆ ಸುಮಾರು ಒಂದು ಗ್ರಾಂ, ಅಂದರೆ ಒಂದು ದಪ್ಪ ಶೇಂಗಾ ಕಾಳಿನಷ್ಟು ಸಾಕು. ತೀರ ಕದಡಿದ್ದರೆ ಎರಡು ಕಾಳಿನಷ್ಟು. ಪುಡಿ ಮಾಡಿ ಕರಗಿಸಿ ಹಾಕಿ, ಮೊದಲು ಒಂದು ನಿಮಿಷ ಬಿರುಸಾಗಿ, ಆಮೇಲೆ ಐದು ನಿಮಿಷ ಮೆಲ್ಲಗೆ ತಿರುವಬೇಕು. ಜೇಡಿ ಕಣಗಳ ಪರಸ್ಪರ ವೈರ ತುರಟಿಯಿಂದ ಮುರಿಯುತ್ತದೆ. ಅವು ಅರಳೆಯಂಥ ಉಂಡೆಗಳಾಗಿ ಒಂದು ತಾಸಿನೊಳಗೆ ಇಳಿಯುತ್ತವೆ. ಅವುಗಳ ಜೊತೆಗೆ ರೋಗಾಣುಗಳ ದೊಡ್ಡ ಪಾಲೂ ತಳ ಸೇರುತ್ತದೆ. ಬಹಳ ಹಾಕಿದರೆ ಹೆಚ್ಚು ತಿಳಿಯಾಗುತ್ತದೆಂಬುದು ತಪ್ಪು. ನೀರು ಒಗರಾಗುತ್ತದೆ, ಅಷ್ಟೆ.

ತುರಟಿ ಇಲ್ಲದ ಕಡೆ ನುಗ್ಗಿ ಬೀಜ ಇದೆ. ಗಿಡದಲ್ಲೇ ಬಲಿತು ಒಣಗಿದ ಕಾಯಿಯ ಬೀಜದ ಸಿಪ್ಪೆ ಸುಲಿದು, ಬಿಳಿ ತಿರುಳನ್ನು ನುಣ್ಣಗೆ ಅರೆದು, ಲೀಟರಿಗೆ ಒಂದು ಬೀಜದಂತೆ ಕಲಸಿ ಹಾಕುವುದು. ಸುಡಾನ ದೇಶದಲ್ಲಿ ನೈಲ್ ನದಿಯ ದಂಡೆಯ ಹೆಣ್ಣುಮಕ್ಕಳು ಹೀಗೆ ಮಾಡುತ್ತಿದ್ದುದನ್ನು ನೋಡಿಯೇ ವಿಜ್ಞಾನಿಗಳು ಇದರ ಅಭ್ಯಾಸಕ್ಕೆ ತೊಡಗಿದರು. ಒಂದು ಎಚ್ಚರಿಕೆ: ಬೀಜದ ಅಂಶ ನೀರಿನಲ್ಲಿ ಉಳಿಯುವುದರಿಂದ ಅಂದಿನ ನೀರು ಅಂದೇ ಮುಗಿಸಬೇಕು, ಇಲ್ಲದಿದ್ದರೆ ನಾರುತ್ತದೆ. ನಮ್ಮ ಹಳೆಯ ವೈದ್ಯರು ಹೇಳುವ ಚಿಲ್ಲದ ಬೀಜ, ಮರಾಠಿಯಲ್ಲಿ ನಿವಳಿ ಎನ್ನುವುದು, ಇದೇ ಕೆಲಸಕ್ಕೆ ಬರುತ್ತದೆ. ಗಡಗಿಯ ಒಳಮೈಗೆ ಅದನ್ನು ತೇಯ್ದು ನೀರು ತುಂಬುವ ಪದ್ಧತಿ ಬಹು ಪುರಾತನವಾದದ್ದು.

ಗಡಗಿ ಕಟ್ಟುವ ಕ್ರಮ

ಮೊದಲ ಮಾತು ಪಾತ್ರೆಯದು. ಕಳೆನಾಶಕದ, ಕೀಟನಾಶಕದ ಡಬ್ಬಿ, ಕ್ಯಾನುಗಳನ್ನು ಎಷ್ಟೇ ತೊಳೆದರೂ ಈ ಕೆಲಸಕ್ಕೆ ಬಳಸಕೂಡದು. ಕೋಪಿಗಳ ಮುಂದೆ ಇಂಥ ಕ್ಯಾನುಗಳಲ್ಲಿ ನೀರು ತುಂಬಿಟ್ಟಿದ್ದನ್ನು ಕಣ್ಣಾರೆ ಕಾಣುತ್ತೇವೆ. ಆ ವಿಷ ಪ್ಲಾಸ್ಟಿಕ್ಕಿನ ಮೈಯಲ್ಲೇ ಇಳಿದಿರುತ್ತದೆ. ಖಾಲಿಯಾದ ಕೂಡಲೇ ಅದಕ್ಕೆ ತೂತು ಹೊಡೆದು ಕೆಡಿಸಿಬಿಡಿ. ನಿಮ್ಮ ಹೊಲದಲ್ಲಿ ಕಡಿಯಲು ಬಂದವರು ಕೇಳಿದರೂ ಕೊಡಬೇಡಿ.

ಎಣ್ಣೆಯ ತಗಡಿನ ಡಬ್ಬಿ, ಮಣ್ಣಿನ ಗಡಗಿ, ಬಕೀಟು ಯಾವುದಾದರೂ ಆದೀತು. ಅಡವಿಯಲ್ಲಾದರೆ ತಳ ಕೊಯ್ದು ತಲೆಕೆಳಗು ಮಾಡಿದ ನೀರಿನ ಬಾಟಲಿಯೂ ಆದೀತು. ತಳದಲ್ಲಿ ಮೂರು ನಾಲ್ಕು ಸಣ್ಣ ತೂತು, ಅದರ ಮೇಲೆ ಒಂದು ಅರಿವೆಯ ತುಂಡು. ಅದರ ಮೇಲೆ ಹುಣಸಿ ಬೀಜದಷ್ಟು ಹರಳು ಎರಡು ಮೂರು ಬೆರಳು, ಜೋಳದ ಕಾಳಿನಷ್ಟು ಗರಸು ಎರಡು ಬೆರಳು. ಆಮೇಲೆ ಒಂದು ಅರಿವೆ ಹಾಸಿ, ಕುಟ್ಟಿದ ಇದ್ದಲಿ ನಾಲ್ಕು ಬೆರಳು. ಅದರ ಮೇಲೆ ನದಿಯ ಉಸುಕು ಕನಿಷ್ಠ ಒಂದು ಗೇಣು. ಜಾಗ ಇದ್ದರೆ ಒಂದು ಮೊಳ. ಎಲ್ಲಕ್ಕೂ ಮೇಲೆ ಮಡಚಿದ ಹಳೆಯ ಅರಿವೆ, ನೀರು ಸುರಿದಾಗ ಉಸುಕಿನಲ್ಲಿ ಗುಂಡಿ ಬೀಳದಿರಲಿ ಎಂದು.

ಉಸುಕನ್ನು ಆರೇಳು ಸಲ ತೊಳೆದು, ತೊಳೆದ ನೀರು ತಿಳಿಯಾದ ಮೇಲೆಯೇ ತುಂಬಬೇಕು. ತಿರುವಿ ನೋಡಿದರೆ ಹತ್ತರಲ್ಲಿ ಎಂಟು ಗಡಗಿ ಕೆಡುವುದು ಈ ಒಂದು ಕೆಲಸದ ಆಲಸ್ಯದಿಂದ. ಇದ್ದಲಿ ಜಾಲಿಯದೋ ಬೇವಿನದೋ ಇರಲಿ, ಆದರೆ ಪೂರ್ತಿ ಸುಟ್ಟು ಕಪ್ಪಗೆ ಠಣಠಣ ಎನ್ನುವಂತಿರಬೇಕು. ಬೂದಿ ಬೇಡ, ಅಂಗಡಿಯ ಕಲ್ಲಿದ್ದಲು ಬೇಡವೇ ಬೇಡ. ಇದ್ದಲಿಯ ಗುಣ ವಾಸನೆ, ಬಣ್ಣ, ರುಚಿ ಹೀರುವುದು. ರೋಗಾಣು ಕೊಲ್ಲುವ ಗುಣ ಅದಕ್ಕಿಲ್ಲ. ಹೀರುವ ಶಕ್ತಿಯೂ ಬೇಗ ಮುಗಿಯುತ್ತದೆ, ಎಂಟು ಹತ್ತು ದಿನಕ್ಕೊಮ್ಮೆ ಬದಲಿಸಬೇಕು.

ಮೊದಲ ಎರಡು ಕೊಡ ನೀರು ಇದ್ದಲಿ ಪುಡಿ ಹೊತ್ತು ಕಪ್ಪಾಗಿ ಬರುತ್ತದೆ, ಚೆಲ್ಲಿಬಿಡಿ. ಬಳಿಕ ನೀರು ಸಣ್ಣ ಎಳೆಯಾಗಿ ಇಳಿಯಬೇಕು. ಧಾರೆಯಾಗಿ ಸುರಿದರೆ ಉಸುಕು ದಪ್ಪವಾಗಿದೆ ಎಂದು ಅರ್ಥ. ಜರಡಿ ಹಿಡಿದು ಸಣ್ಣ ಉಸುಕು ಸೇರಿಸಿ.

ಬರೀ ಅರಿವೆಯೂ ದೊಡ್ಡ ಕೆಲಸ ಮಾಡುತ್ತದೆ

ಏನೂ ಕಟ್ಟಲು ಆಗದಿದ್ದಾಗ ಹಳೆಯ ಸೀರೆಯ ಸೆರಗನ್ನು ಮರೆಯಬೇಡಿ. ನಾರುಹುಣ್ಣು ಎಂಬ ರೋಗವನ್ನು ಇಂದಿನ ಹುಡುಗರು ಕೇಳಿಯೂ ಇಲ್ಲ. ಮೆಟ್ಟಿಲ ಬಾವಿಗಳ ನೀರು ಕುಡಿದವರ ಕಾಲಿನಿಂದ ವರ್ಷದ ಬಳಿಕ ಮೊಳದುದ್ದದ ಹುಳು ಹೊರಬರುತ್ತಿತ್ತು; ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟರಂತೆ ಎಳೆಯಬೇಕಾಗುತ್ತಿತ್ತು. ಅದರ ಮರಿ ಇರುತ್ತಿದ್ದುದು ನೀರಿನಲ್ಲಿ ಚುಕ್ಕೆಯಂತೆ ಓಡಾಡುವ ಒಂದು ಸಣ್ಣ ಜಲಜೀವಿಯ ಹೊಟ್ಟೆಯಲ್ಲಿ. ಆ ಜೀವಿ ಅರಿವೆಯಲ್ಲಿ ನಿಲ್ಲುತ್ತದೆ. ನೀರು ಸೋಸಿ ಕುಡಿಯಿರಿ ಎಂದು ಊರೂರು ತಿರುಗಿ ಹೇಳಿ, ಬಾವಿಗಳ ಮೆಟ್ಟಿಲು ಮುಚ್ಚಿಸಿ, ಕೊಳವೆ ಬಾವಿ ತೆಗೆಸಿ ನಮ್ಮ ದೇಶ ಈ ರೋಗವನ್ನು ಬೇರುಸಹಿತ ಕಿತ್ತಿತು. ಕೊನೆಯ ರೋಗಿ ಕಂಡದ್ದು 1996ರಲ್ಲಿ ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು.

ಬಾಂಗ್ಲಾದೇಶದ ಮತ್ಲಬ್ ಎಂಬಲ್ಲಿ ಹಳೆಯ ಸೀರೆಯನ್ನು ನಾಲ್ಕರಿಂದ ಎಂಟು ಪದರ ಮಡಚಿ ಕೊಡದ ಬಾಯಿಗೆ ಕಟ್ಟಿ ನೀರು ತುಂಬಲು ಹೆಂಗಸರಿಗೆ ಕಲಿಸಿದರು. ಕಾಲರಾ ಸುಮಾರು ಅರ್ಧದಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟವಾಯಿತು. ಕಾಲರಾದ ರೋಗಾಣು ನೀರಿನ ಸಣ್ಣ ಜೀವಿಗಳ ಮೈಗೆ ಅಂಟಿಕೊಂಡಿರುತ್ತದೆ. ಜೀವಿ ಅರಿವೆಯಲ್ಲಿ ಸಿಕ್ಕರೆ ಅದರ ಜೊತೆ ರೋಗಾಣುವೂ ಸಿಗುತ್ತದೆ. ಹೊಸ ಸೀರೆಗಿಂತ ಹಲವು ಸಲ ಒಗೆದ ಹಳೆಯ ಸೀರೆಯೇ ಮೇಲು, ನೂಲು ಉಬ್ಬಿ ಸಂದು ಕಿರಿದಾಗಿರುತ್ತದೆ. ಸೋಸಿದ ಮೇಲೆ ಅರಿವೆಯನ್ನು ಜಾಲಿಸಿ ಬಿಸಿಲಿಗೆ ಒಣಗಿಸಬೇಕು. ಮರುದಿನ ಮಗ್ಗಲು ಬದಲಿಸಿ ಕಟ್ಟಬಾರದು. ಅರ್ಧ ಇಳಿಯಿತು ಎಂದರೆ ಇನ್ನರ್ಧ ಉಳಿಯಿತು ಎಂಬುದೂ ನೆನಪಿರಲಿ.

ಸೋಸಿದ ಮೇಲೆ

ಈ ಲೇಖನ ಬರೆದದ್ದೇ ಈ ಭಾಗಕ್ಕಾಗಿ. ಸೋಸುವುದು ಹೊಲ ಹರಗಿದಂತೆ. ಬಿತ್ತನೆ ಇನ್ನೂ ಆಗಿಲ್ಲ. ತಿಳಿಯಾದ ನೀರಿನಲ್ಲಿ ಉಳಿದ ರೋಗಾಣುವನ್ನು ಕೊಲ್ಲಲು ಮೂರು ದಾರಿಗಳಿವೆ. ಇವುಗಳಲ್ಲಿ ಒಂದನ್ನು ಮಾಡಲೇಬೇಕು.

ಕುದಿಸುವುದು ಎಲ್ಲಕ್ಕೂ ಭರವಸೆಯದು. ನೀರು ತಳದಿಂದ ಮೇಲಕ್ಕೆ ಕೊತಕೊತ ಮರಳಿದ ಮೇಲೆ ಒಂದು ನಿಮಿಷ ಸಾಕು. ಅರ್ಧ ತಾಸು ಕುದಿಸಿ ಉರುವಲು ಸುಡುವ ಕಾರಣವಿಲ್ಲ. ಹೊಲದಲ್ಲಿ ಕೋಪಿಯವರು ಹೇಗೂ ಒಲೆ ಹಚ್ಚುತ್ತಾರೆ. ಸಂಜೆ ರೊಟ್ಟಿ ಆದ ಮೇಲೆ ಅದೇ ಒಲೆಯ ಮೇಲೆ ಒಂದು ಪಾತ್ರೆ ನೀರು ಇಟ್ಟರೆ ಮರುದಿನದ ಕಡಿತಕ್ಕೆ ತಣ್ಣನೆಯ ನೀರು ಸಿದ್ಧ. ಆದರೆ ನಲ್ಲಮಲೆಯಲ್ಲಿ ಈ ಮಾತು ನಡೆಯದು. ಅದು ಹುಲಿಗಳ ರಕ್ಷಿತ ಅರಣ್ಯ. ಯುಗಾದಿಯ ಹೊತ್ತಿಗೆ ತರಗೆಲೆ ಒಣಗಿ ಬಿದ್ದಿರುತ್ತದೆ. ಅಲ್ಲಿ ಬೆಂಕಿ ಹಚ್ಚುವುದು ಅಪರಾಧ, ಒಂದು ಕಿಡಿಗೆ ಗುಡ್ಡವೇ ಹತ್ತಬಹುದು.

ಆದ್ದರಿಂದ ಪಾದಯಾತ್ರಿಗಳಿಗೆ ಕ್ಲೋರಿನ್ ಗುಳಿಗೆಯೇ ತಕ್ಕದ್ದು. ನಾಗಪುರದ ನೀರಿ ಸಂಸ್ಥೆ ರೂಪಿಸಿದ ಅರ್ಧ ಗ್ರಾಮಿನ ಗುಳಿಗೆ ಇಪ್ಪತ್ತು ಲೀಟರ್ ನೀರಿಗೆ ಸಾಕಾಗುತ್ತದೆ. ಅಂಗಡಿಯಲ್ಲಿ ಬೇರೆ ಬೇರೆ ಬಲದ ಗುಳಿಗೆಗಳಿವೆ, ಪೊಟ್ಟಣದ ಮೇಲೆ ಬರೆದ ಅಳತೆಯಂತೆಯೇ ಹಾಕಬೇಕು. ಗುಂಪಿಗೆ ಒಂದು ಪೊಟ್ಟಣ ಕಂಬಳಿಯ ಮಡಿಕೆಯಲ್ಲಿ ಇದ್ದರೆ ಭಾರವೇನೂ ಇಲ್ಲ. ಕ್ಲೋರಿನ್ ಹಾಕಿದ ಮೇಲೆ ಅರ್ಧ ತಾಸು ಕಾಯದೆ ಕುಡಿಯಬಾರದು.

ಹೊಲದಲ್ಲಿರುವವರಿಗೆ ಗ್ರಾಮಪಂಚಾಯಿತಿಯಲ್ಲಿ ಬಾವಿಗೆ ಹಾಕುವ ಟಿಸಿಎಲ್ ಪುಡಿ ಗೊತ್ತೇ ಇದೆ. ಅದನ್ನು ನೇರವಾಗಿ ಕೊಡಕ್ಕೆ ಹಾಕಲಾಗದು, ಚಿಟಿಕೆಯೂ ಹೆಚ್ಚಾಗುತ್ತದೆ. ಗಾಳಿ ಆಡದ ಡಬ್ಬಿಯಲ್ಲಿಟ್ಟ ತಾಜಾ ಪುಡಿ 40 ಗ್ರಾಂ ತೆಗೆದುಕೊಂಡು ಒಂದು ಲೀಟರ್ ನೀರಿನಲ್ಲಿ ಕಲಸಿ, ತಂಗಿದ ಮೇಲೆ ತಿಳಿಯನ್ನು ಮಾತ್ರ ಬಣ್ಣದ ಬಾಟಲಿಗೆ ಬಸಿದುಕೊಳ್ಳಬೇಕು. ಸೋಸಿದ ಇಪ್ಪತ್ತು ಲೀಟರ್ ನೀರಿಗೆ ಈ ತಿಳಿ 4 ಮಿಲಿಲೀಟರ್, ಅಂದರೆ ಚಹಾ ಚಮಚೆಯಲ್ಲಿ ಮುಕ್ಕಾಲಿಗಿಂತ ತುಸು ಹೆಚ್ಚು. ಅರ್ಧ ತಾಸಿನ ಬಳಿಕ ಮೂಗಿಗೆ ಹಿಡಿದರೆ ಸಣ್ಣ ವಾಸನೆ ಇರಬೇಕು. ವಾಸನೆಯೇ ಇಲ್ಲದಿದ್ದರೆ ಪುಡಿ ಹಳೆಯದು ಅಥವಾ ನೀರು ಕೊಳಕು. ಇನ್ನೊಮ್ಮೆ ಅಷ್ಟೇ ಹಾಕಿ ಕಾಯಿರಿ. ಬಾಟಲಿಯ ತಿಳಿಯನ್ನು ವಾರಕ್ಕೊಮ್ಮೆ ಹೊಸದಾಗಿ ಮಾಡಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕದಡಿದ ನೀರಿಗೆ ಎಷ್ಟು ಕ್ಲೋರಿನ್ ಸುರಿದರೂ ಕೆಸರೇ ಅದನ್ನು ತಿಂದುಬಿಡುತ್ತದೆ. ಮೊದಲು ತಂಗಿಸಿ ಸೋಸಿರೆಂದು ಇಷ್ಟು ಹೊತ್ತು ಹೇಳಿದ್ದರ ಗುಟ್ಟು ಇದು.

ಮೂರನೆಯದು ನಮ್ಮ ಜಿಲ್ಲೆಯಲ್ಲಿ ಪುಕ್ಕಟೆ ಸಿಗುವ ವಸ್ತು, ಬಿಸಿಲು. ಬಣ್ಣವಿಲ್ಲದ ಪ್ಲಾಸ್ಟಿಕ್ ನೀರಿನ ಬಾಟಲಿ, ಎರಡು ಲೀಟರಿಗಿಂತ ದೊಡ್ಡದಲ್ಲದ್ದು, ಚೀಟಿ ಕಿತ್ತು, ಸೋಸಿದ ನೀರು ತುಂಬಿ ಬಿರಡೆ ಹಾಕಿ, ಪತ್ರಾಸಿನ ಮೇಲೆ ಅಡ್ಡ ಮಲಗಿಸಿ ಬೆಳಗಿನಿಂದ ಆರು ತಾಸು ಬಿಸಿಲಿಗೆ ಇಡಬೇಕು. ಮೋಡವಿದ್ದರೆ ಎರಡು ದಿನ. ಬೈರುತ್ ವಿಶ್ವವಿದ್ಯಾಲಯದಲ್ಲಿ 1980ರ ಸುಮಾರಿಗೆ ಆರಂಭವಾದ ಈ ಪ್ರಯೋಗವನ್ನು ಸ್ವಿಸ್ ವಿಜ್ಞಾನಿಗಳು ಮುಂದುವರಿಸಿ ಹಲವು ದೇಶಗಳಿಗೆ ಹಬ್ಬಿಸಿದರು. ಬಾಟಲಿಯ ಹಿಂದೆ ವೃತ್ತಪತ್ರಿಕೆ ಹಿಡಿದರೆ ಅಕ್ಷರ ಓದಲು ಬರುವಷ್ಟು ನೀರು ತಿಳಿ ಇರಬೇಕು. ಇಲ್ಲದಿದ್ದರೆ ಕಿರಣ ಒಳಗೆ ಇಳಿಯುವುದಿಲ್ಲ. ಟೋಳಿಯಲ್ಲಿ ಹತ್ತು ಬಾಟಲಿ ಎರಡು ಪಾಳಿ ಮಾಡಿದರೆ ಕೂಸುಗಳಿಗಷ್ಟಾದರೂ ಸಾಲುತ್ತದೆ.

ಯಾವ ಫಿಲ್ಟರೂ ಸೋಸದ್ದು

ಉಪ್ಪು ಸೋಸುವುದಿಲ್ಲ. ಹೆಚ್ಚು ಯೂರಿಯಾ ಸುರಿದ ಹೊಲಗಳ ನಡುವಿನ ಬಾವಿಯಲ್ಲಿ ನೈಟ್ರೇಟ್ ಇದ್ದರೆ ಅದು ಉಸುಕಿನಲ್ಲೂ ನಿಲ್ಲದು, ಕುದಿಸಿದರೆ ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಅಂಥ ನೀರನ್ನು ಹಾಲು ಕುಡಿಯುವ ಕೂಸಿಗೆ ಕೊಡಕೂಡದು. ಔಷಧಿ ಸಿಂಪಡಿಸಿದ ಹೊಲದ ಬಸಿಗಾಲುವೆ, ಬಣ್ಣ ತಿರುಗಿದ ಹಳ್ಳ, ಮೀನು ಸತ್ತು ತೇಲಿದ ಮಡು, ಇವುಗಳ ನೀರನ್ನು ಸೋಸುವ ಗೊಡವೆಗೇ ಹೋಗಬೇಡಿ. ಮುಂದಿನ ಬಾವಿಯ ತನಕ ನಡೆಯಿರಿ.

ಮಹಾಪೂರದ ಬಳಿಕದ ಬಾವಿಯೂ ಹಾಗೆಯೇ. 2020ರ ಅಕ್ಟೋಬರಿನಲ್ಲಿ ಬೋರಿಯ ನೀರು ಸಾಂಗವಿ, ಬೋರಿ ಉಮರಗೆ, ರಾಮಪುರದ ಹೊಲ ಮನೆಗಳಿಗೆ ನುಗ್ಗಿತು. 2025ರ ಸೆಪ್ಟೆಂಬರಿನಲ್ಲಿ ಸೀನಾ ದಂಡೆಯವರಿಗೆ ಅದೇ ಗತಿಯಾಯಿತು. ಮುಳುಗಿದ ಬಾವಿಗೆ ಹಳ್ಳಿಯ ಎಲ್ಲ ಹೊಲಸೂ ಇಳಿದಿರುತ್ತದೆ. ಅದರ ನೀರನ್ನು ಒಮ್ಮೆ ಪೂರ್ತಿ ಎತ್ತಿ ಹಾಕಿ, ಟಿಸಿಎಲ್ ಹಾಕಿಸಿದ ಮೇಲೆಯೇ ಬಳಸಬೇಕು. ಅಲ್ಲಿಯ ತನಕ ಗಡಗಿಯಲ್ಲಿ ಸೋಸಿ ಕುದಿಸಿದ ನೀರೇ ಗತಿ.

ಇಷ್ಟಾದರೂ ಯಾರಿಗಾದರೂ ಭೇದಿ ಹತ್ತಿದರೆ ವೈದ್ಯರ ಬಳಿ ಒಯ್ಯುವ ದಾರಿಯಲ್ಲೇ ಉಪಚಾರ ಶುರುವಾಗಬೇಕು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಪಾಟು ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಛಾವಣಿಯಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ ಮಹಲನಬೀಸ್ ಅವರು ಸಕ್ಕರೆ ಉಪ್ಪಿನ ಇಂಥದೇ ನೀರಿನಿಂದ ಸಾವಿರಾರು ಜೀವ ಉಳಿಸಿದರು. ಸಕ್ಕರೆ ಇಲ್ಲದೆ ಬರೀ ಉಪ್ಪು ನೀರು ಕರುಳಿಗೆ ಹತ್ತುವುದಿಲ್ಲ. ಕಬ್ಬು ಬೆಳೆಯುವ ನಾವು ಒಂದು ಸೇರು ಸಕ್ಕರೆಯನ್ನು ಕೋಪಿಯಲ್ಲಿ ಇದಕ್ಕೆಂದು ತೆಗೆದಿಡಿಸುವುದು ಕಷ್ಟವಲ್ಲ.

ಸೋಸಿದ ನೀರನ್ನು ಕಿರಿದಾದ ಬಾಯಿಯ ಕೊಡದಲ್ಲಿ ಮುಚ್ಚಿಡಿ, ಉದ್ದ ಹಿಡಿಕೆಯ ಚಂಬಿನಿಂದ ತೆಗೆಯಿರಿ, ಕೈ ಅದ್ದಬೇಡಿ. ಟೋಳಿ ನಿಮ್ಮ ಹೊಲಕ್ಕೆ ಬಂದ ದಿನವೇ ಮುಕಾದಮನ ಕೈಗೆ ಒಂದು ತೊಳೆದ ಡಬ್ಬಿ, ಒಂದು ಬುಟ್ಟಿ ಉಸುಕು, ಒಂದು ತುಂಡು ತುರಟಿ ಕೊಟ್ಟು, ಗಡಗಿ ಕಟ್ಟುವುದನ್ನು ಎದುರಿಗೆ ನಿಂತು ಮಾಡಿಸಿ. ಹೆಂಗಸರಿಗೆ ತೋರಿಸಿದರೆ ಇನ್ನೂ ಒಳ್ಳೆಯದು, ನೀರು ತರುವವರು ಅವರು. ಹಂಗಾಮು ಮುಗಿದು ಟೋಳಿ ಹೊರಟ ಮೇಲೆ ಡಬ್ಬಿಯ ಉಸುಕು, ಇದ್ದಲಿಗಳನ್ನು ಚೆಲ್ಲಿ ಡಬ್ಬಿಯನ್ನು ಬಿಸಿಲಿಗೆ ಬೋರಲು ಹಾಕಿಡಿ. ಒಣಗಿ ನಿಂತ ಹಳೆಯ ಉಸುಕಿಗೆ ಮುಂದಿನ ವರ್ಷ ನೀರು ಸುರಿಯುವುದು ಬೇಡ.